ಕಾಟ್ಲಾ ಮೀನಿನ ಕೆಂಪು ಹುಣ್ಣಿಗೆ ಬೇವು, ಅರಿಶಿನ ಹಾಕಬಹುದಾ?

ಮೂಡಿಗೆರೆಯ ನಿಮ್ಮ ಹೊಂಡದಲ್ಲಿ ಕಾಟ್ಲಾ ಮೈಮೇಲೆ ಕೆಂಪು ಹುಣ್ಣು ಎದ್ದಿದೆ, ಬೇವಿನ ಸೊಪ್ಪು, ಅರಿಶಿನ ನೀರಿಗೆ ಸುರಿಯಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಸುರಿಯಬೇಡಿ. ಸೊಪ್ಪು ಕೊಳೆತರೆ ನೀರಿನ ಆಮ್ಲಜನಕ ಕಡಿಮೆಯಾಗುತ್ತದೆ, ಬೇವಿನ ರಸ ಜಾಸ್ತಿಯಾದರೆ ಮೀನಿಗೇ ವಿಷ. ಅರಿಶಿನದ ಸತ್ವ ನೀರಲ್ಲಿ ಕರಗುವುದು ತೀರಾ ಕಡಿಮೆ, ಸುಮ್ನೆ ತಳ ಸೇರುತ್ತದೆ.

ಮದ್ದು ಹೊಟ್ಟೆಗೆ ಹೋಗಬೇಕು. ಅದಕ್ಕೆ ಬೆಳ್ಳುಳ್ಳಿ ಒಳ್ಳೆಯದು, ಒಂದು ಕೆಜಿ ಫೀಡ್‌ಗೆ 10 ಗ್ರಾಂ ಸಾಕು. ಹಸಿಯಾಗಿಯೇ ಜಜ್ಜಿ ಹತ್ತು ನಿಮಿಷ ಬಿಡಿ, ಯಾಕೆಂದರೆ ಜಜ್ಜಿದ ಮೇಲೆಯೇ ಅದರಲ್ಲಿ ಅಲಿಸಿನ್ ಎಂಬ ರೋಗಾಣು ತಡೆಯುವ ಸತ್ವ ಹುಟ್ಟುವುದು, ಬೇಯಿಸಿದರೆ ಆ ಗುಣ ಹೋಗುತ್ತದೆ. ಸ್ವಲ್ಪ ಎಣ್ಣೆ ಸೇರಿಸಿ ಫೀಡ್‌ಗೆ ಸವರಿ, ನೆರಳಲ್ಲಿ ಆರಿಸಿ, ಅವತ್ತೇ ಹಾಕಿ. ಆದರೆ ಇದು ಇನ್ನೂ ಮೇಯುತ್ತಿರುವ ಮೀನಿಗೆ ಮಾತ್ರ. ಹುಣ್ಣು ಆಳವಾದದ್ದು ಫೀಡ್ ಮುಟ್ಟುವುದೇ ಕಷ್ಟ, ಅಲ್ವಾ? ಅಂಥವನ್ನು ಬೇರೆ ಮಾಡಿ.

ಇಂಥ ಹುಣ್ಣು ತರಬಲ್ಲ ಏರೋಮೊನಾಸ್ ಎಂಬ ಬ್ಯಾಕ್ಟೀರಿಯಾ ಕೆರೆ, ಹೊಂಡದ ನೀರಲ್ಲಿ ಇದ್ದೇ ಇರುತ್ತದೆ, ಮೀನು ಸೊರಗಿದಾಗ ಮೇಲೆ ಬೀಳುತ್ತದೆ. ಕಾಫಿ ಪಲ್ಪಿಂಗ್ ನೀರು, ಅಂದರೆ ಹಣ್ಣಿನ ಸಿಪ್ಪೆ ಸುಲಿದ ಕೊಳಕು ನೀರು, ಹೊಂಡಕ್ಕೆ ಇಳಿಯುತ್ತಿದೆಯಾ, ಮೊದಲು ಅದನ್ನು ನೋಡಿ. ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಆಮ್ಲಜನಕ ಸಾಲುತ್ತಿಲ್ಲ, ಅದು ಸರಿಯಾಗದೆ ಬೆಳ್ಳುಳ್ಳಿಯಿಂದ ಏನೂ ಆಗುವುದಿಲ್ಲ. ಹುಣ್ಣು ಬ್ಯಾಕ್ಟೀರಿಯಾದ್ದೋ ಶಿಲೀಂಧ್ರದ್ದೋ ಅಂತ ಕಣ್ಣಲ್ಲಿ ಹೇಳಲಾಗದು. ಸಾವು ನಿಲ್ಲದಿದ್ದರೆ ಮೀನುಗಾರಿಕೆ ಇಲಾಖೆಯವರಿಗೆ ತೋರಿಸಿ, ಅಂಗಡಿಯ ಆಂಟಿಬಯೋಟಿಕ್ ಮಾತ್ರ ನೀವೇ ಹಾಕಬೇಡಿ.