ಆರ್‌ಎಸ್ ಒಫಿಯೂಕಿ ಲೇಖನದ ಕುರಿತು ಸಂಪಾದಕರ ಉತ್ತರ

ಮಾನ್ಯರೇ,

ಉರಗಧರ ನಕ್ಷತ್ರಪುಂಜದ ಆರ್‌ಎಸ್ ಒಫಿಯೂಕಿ ಎಂಬ ಮರುಕಳಿಸುವ ನೋವಾ (ಮತ್ತೆ ಮತ್ತೆ ಸ್ಫೋಟಿಸಿ ಹಠಾತ್ತನೆ ಬೆಳಗುವ ಜೋಡಿ ನಕ್ಷತ್ರ) 2021ರ ಆಗಸ್ಟ್‌ನಲ್ಲಿ ಸ್ಫೋಟಿಸಿದಾಗ ಹೊಮ್ಮಿದ ಧ್ರುವೀಕೃತ ಬೆಳಕನ್ನು, ಅಂದರೆ ಅಲೆಗಳು ಒಂದು ದಿಕ್ಕಿನಲ್ಲಿ ಹೆಚ್ಚಾಗಿ ಕಂಪಿಸುವ ಬೆಳಕನ್ನು, ಕುರಿತ ನಿಮ್ಮ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ತಿದ್ದಿ ಕಳುಹಿಸುವ ಮನಸ್ಸಿದ್ದರೆ ಮುಂದಿನ ಮಾತುಗಳು ಉಪಯೋಗಕ್ಕೆ ಬಂದಾವು.

ಜೋಡಿಯಲ್ಲಿನ ಉಬ್ಬಿದ ನಕ್ಷತ್ರವಾದ ಕೆಂಪು ದೈತ್ಯದಿಂದ ಬಂದ ಹೈಡ್ರೋಜನ್, ಸತ್ತ ನಕ್ಷತ್ರದ ಸಾಂದ್ರ ತಿರುಳಾದ ಶ್ವೇತಕುಬ್ಜದ ಮೇಲೆ ಶೇಖರವಾಗಿ ಹೊತ್ತಿಕೊಳ್ಳುವ ವಿವರಣೆ ಮತ್ತು 1898ರಿಂದೀಚೆಗಿನ ಸ್ಫೋಟಗಳ ಪಟ್ಟಿ ಅರ್ಧ ಲೇಖನವನ್ನೇ ನುಂಗಿವೆ. ಅವೆರಡಕ್ಕೂ ಸೇರಿ ಒಂದು ಪ್ಯಾರಾ ಸಾಕು.

ನಿಜವಾದ ತೊಡಕು ಇರುವುದು ನಿಮ್ಮ ಈ ವಾಕ್ಯದಲ್ಲಿ: "ನೋವಾದ ಬೆಳಕು ಧ್ರುವೀಕೃತವಾಗಿತ್ತು, ಆದ್ದರಿಂದ ಸ್ಫೋಟ ಗೋಳಾಕಾರದ್ದಲ್ಲ." ಈ ನಕ್ಷತ್ರದ ಬೆಳಕು ಸಾವಿರಾರು ಬೆಳಕಿನ ವರ್ಷಗಳ ದೂರ ಸಾಗಿ ಬರುವಾಗ, ಗ್ಯಾಲಕ್ಸಿಯ ಕಾಂತಕ್ಷೇತ್ರಕ್ಕೆ ಅನುಗುಣವಾಗಿ ಸಾಲುಗೊಂಡ ಧೂಳಿನ ಕಣಗಳು ದಾರಿಯಲ್ಲೇ ಅದನ್ನು ಒಂದಿಷ್ಟು ಧ್ರುವೀಕರಿಸುತ್ತವೆ, ಸ್ಫೋಟವೇ ಇಲ್ಲದ ನೆರೆಯ ನಕ್ಷತ್ರಗಳ ಬೆಳಕಿಗೂ ಇದೇ ಗತಿ. ಆದ್ದರಿಂದ ಅಳತೆಗೆ ಸಿಕ್ಕಿದ್ದರಲ್ಲಿ ನೋವಾದ ಪಾಲೆಷ್ಟು ಎಂಬುದೇ ನಿಮ್ಮ ಲೇಖನದ ಕೇಂದ್ರ ಪ್ರಶ್ನೆಯಾಗಬೇಕಿತ್ತು. ಧೂಳಿನ ಪಾಲು ಕೆಲವು ದಿನಗಳಲ್ಲಿ ಬದಲಾಗುವುದಿಲ್ಲ, ನೋವಾದ್ದು ಬದಲಾಗಬಲ್ಲದು ಎಂಬುದೇ ವೀಕ್ಷಕರಿಗಿರುವ ದೊಡ್ಡ ಆಸರೆ.

ಹಾಗೆಂದು ಶೇಕಡಾವಾರಿನಿಂದ ಶೇಕಡಾವಾರನ್ನು ಕಳೆದರೂ ಆಗದು, ಧ್ರುವೀಕರಣಕ್ಕೆ ಪ್ರಮಾಣದ ಜೊತೆಗೆ ಕಂಪನದ ದಿಕ್ಕೂ ಇರುತ್ತದೆ. ಧೂಳಿನ ಪಾಲು ಶೇ. 2, ನೋವಾದ್ದು ಶೇ. 1 ಎಂದಿಟ್ಟುಕೊಳ್ಳಿ. ಎರಡರ ದಿಕ್ಕೂ ಒಂದೇ ಆಗಿದ್ದರೆ ಅಳತೆಯಲ್ಲಿ ಶೇ. 3 ಬರುತ್ತದೆ, ಪರಸ್ಪರ ಲಂಬವಾಗಿದ್ದರೆ ಶೇ. 1, ನಡುವೆ 45 ಡಿಗ್ರಿ ಕೋನವಿದ್ದರೆ ಸುಮಾರು ಶೇ. 2.2. ಈ ಪುಟ್ಟ ಲೆಕ್ಕವನ್ನು ಲೇಖನದಲ್ಲೇ ಮಾಡಿ ತೋರಿಸಿ. ಓದುಗರು ಲೆಕ್ಕಕ್ಕೆ ಹೆದರುತ್ತಾರೆಂಬ ನಿಮ್ಮ ಅಂಜಿಕೆ ಅನಗತ್ಯ.

"ವಿಶೇಷ ಫಿಲ್ಟರ್" ಎಂದು ಉಪಕರಣವನ್ನು ಎರಡೇ ಪದಗಳಲ್ಲಿ ಮುಗಿಸಿರುವುದೂ ಸರಿಯಲ್ಲ. ಬೆಳಕಿನ ಕಂಪನದ ದಿಕ್ಕನ್ನು ತಿರುಗಿಸುವ ಅರ್ಧತರಂಗ ಫಲಕವನ್ನು 22.5 ಡಿಗ್ರಿಯಷ್ಟು ತಿರುಗಿಸುತ್ತ ನಾಲ್ಕು ಚಿತ್ರ ತೆಗೆಯುವುದು, ಪ್ರತಿ ಚಿತ್ರದಲ್ಲೂ ಪಟ್ಟಕವು ನಕ್ಷತ್ರವನ್ನು ಎರಡಾಗಿ ಒಡೆದು ತೋರಿಸುವುದು, ಆ ಜೋಡಿಯ ಪ್ರಕಾಶದ ಅಲ್ಪ ವ್ಯತ್ಯಾಸದಿಂದ ಉತ್ತರ ಹೊರಡುವುದು ಎಷ್ಟು ಸೊಗಸಾದ ಸಂಗತಿ! ಶೇ. 0.1ರ ನಿಖರತೆ ಬೇಕಾದರೆ ಹತ್ತು ಲಕ್ಷದಷ್ಟು ಫೋಟಾನ್‌ಗಳು ಬೇಕು; ಬರಿಗಣ್ಣಿಗೆ ಕಾಣುವಷ್ಟು ಬೆಳಗಿದ ಆ ಕೆಲವೇ ದಿನಗಳು ವೀಕ್ಷಕರಿಗೆ ಏಕೆ ಅಮೂಲ್ಯವೆಂಬುದು ಇದರಿಂದಲೇ ತಿಳಿಯುತ್ತದೆ.

ಧ್ರುವೀಕರಣದ ಕೋನವನ್ನು ನೀವು ಪ್ರಸ್ತಾಪಿಸಿಯೇ ಇಲ್ಲ. 2006ರ ಸ್ಫೋಟದ ನಂತರ ರೇಡಿಯೊ ದೂರದರ್ಶಕಗಳೂ ಹಬಲ್ ಕೂಡ ಸಿಡಿದ ದ್ರವ್ಯ ಪೂರ್ವ-ಪಶ್ಚಿಮವಾಗಿ ಚಾಚಿಕೊಂಡಿದ್ದುದನ್ನು ಕಂಡಿದ್ದವು. ಬೆಳಕನ್ನು ಚದುರಿಸುವ ಎಲೆಕ್ಟ್ರಾನುಗಳು ಆ ಚಾಚುಗಳಲ್ಲಿದ್ದರೆ, ಚದುರಿದ ಬೆಳಕು ಚಾಚಿನ ದಿಕ್ಕಿಗೆ ಲಂಬವಾಗಿ ಕಂಪಿಸುವುದರಿಂದ, ಧ್ರುವೀಕರಣ ಉತ್ತರ-ದಕ್ಷಿಣವಾಗಿರಬೇಕು. ಅವುಗಳಿಗೆ ಲಂಬವಾದ, ನಮಗೆ ಬದಿಯಿಂದ ಕಾಣುವ ತಟ್ಟೆಯಲ್ಲಿದ್ದರೆ ಪೂರ್ವ-ಪಶ್ಚಿಮವಾಗಿ. ಕೋನವನ್ನು ಬಿಟ್ಟರೆ ಆಕಾರದ ಬಗ್ಗೆ ನೀವು ಆಡುವ ಮಾತಿಗೆ ಆಧಾರವೇ ಉಳಿಯದು.

ಪೂರ್ಣ ಗೋಳದ ಎಲ್ಲ ದಿಕ್ಕುಗಳಿಂದ ಚದುರಿದ ಬೆಳಕಿನ ಧ್ರುವೀಕರಣ ಒಂದನ್ನೊಂದು ರದ್ದುಮಾಡುವುದನ್ನು ವಿವರಿಸಿದ ಭಾಗ ಅಚ್ಚುಕಟ್ಟಾಗಿದೆ, ಅದನ್ನು ಮುಟ್ಟಬೇಡಿ. "ಬ್ರಹ್ಮಾಂಡದ ರಹಸ್ಯ ಬಯಲು" ಎಂಬ ಉಪಶೀರ್ಷಿಕೆಯನ್ನು ದಯವಿಟ್ಟು ತೆಗೆಯಿರಿ.

ಕೊನೆಯಲ್ಲಿ ಟಿ ಕೊರೋನೆ ಬೊರಿಯಾಲಿಸ್ ಎಂಬ ಇನ್ನೊಂದು ಮರುಕಳಿಸುವ ನೋವಾ 1866 ಮತ್ತು 1946ರಲ್ಲಿ ಸ್ಫೋಟಿಸಿದ್ದನ್ನು ಹೇಳಿ, ಮುಂದಿನದಕ್ಕೆ ತಿಂಗಳನ್ನೂ ಗೊತ್ತುಮಾಡಿದ್ದೀರಿ. ಆ ಭವಿಷ್ಯವಾಣಿಯನ್ನು ಕೈಬಿಡಿ. ಅದರ ಬದಲು, ಸ್ಫೋಟಕ್ಕೆ ಮುಂಚೆಯೇ ಆ ನಕ್ಷತ್ರದ ಧ್ರುವೀಕರಣವನ್ನು ಅಳೆದಿಟ್ಟುಕೊಂಡರೆ, ಸ್ಫೋಟವಾದ ಮೇಲೆ ಕಳೆಯಬೇಕಾದ ಧೂಳಿನ ಪಾಲು ಮೊದಲೇ ಕೈಯಲ್ಲಿರುತ್ತದೆ ಎಂಬುದನ್ನು ಬರೆಯಿರಿ.

ಇಂತು,
ಸಂಪಾದಕ