ಬಿಸಿಲಿಗೆ ಮುದುಡಿತೋ, ನುಸಿಗೆ ಮುದುಡಿತೋ?

ಪ್ರಶ್ನೆ: ಮಾಳಿಗೆ ಮೇಲೆ ಕುಂಡಗಳಲ್ಲಿ ಆರು ಮೆಣಸಿನ ಗಿಡ ಬೆಳೆಸಿದ್ದೇನೆ. ಏಪ್ರಿಲ್ ಬಂದಾಗಿನಿಂದ ಎಲೆ ಮುದುಡುತ್ತಿವೆ. ಬಿಸಿಲಿನ ಕಾಟವೆಂದು ದಿನಕ್ಕೆ ಮೂರು ಸಲ ನೀರು ಹಾಕಿದೆ. ಮಧ್ಯಾಹ್ನ ಬೇವಿನ ಎಣ್ಣೆ ಸಿಂಪಡಿಸಿದೆ, ಮರುದಿನ ಎಲೆಯ ಅಂಚು ಸುಟ್ಟಿತ್ತು. ಏನು ಮಾಡಲಿ?
– ಓದುಗರು, ಬೆಟಗೇರಿ, ಗದಗ

ಉತ್ತರ: ಇನ್ನೊಮ್ಮೆ ಸಿಂಪಡಿಸುವ ಮುಂಚೆ ಹೊತ್ತು ಮುಳುಗಿದ ಮೇಲೆ ಗಿಡ ನೋಡಿ. ಹಗಲು ಜೋತುಬಿದ್ದ ಎಲೆ ಆಗ ಬಿಡಿಸಿಕೊಂಡಿದ್ದರೆ ಬಿಸಿಲಿನದೇ ಕಾಟ. ಆಗಲೂ ಮುದುಡಿಯೇ ಇದ್ದರೆ ಎಲೆ ಯಾವ ಕಡೆ ಮಡಚಿದೆ ಎಂದು ಗಮನಿಸಿ. ಅಂಚು ಮೇಲಕ್ಕೆ ಮಡಚಿ ದೋಣಿಯಂತಾಗಿದ್ದರೆ ಥ್ರಿಪ್ಸ್ ನುಸಿ. ಕೆಳಕ್ಕೆ ಮಡಚಿ, ತೊಟ್ಟು ಉದ್ದವಾಗಿದ್ದರೆ ಮೈಟ್ ನುಸಿ. ಬಿಳಿ ಕಾಗದದ ಮೇಲೆ ಕುಡಿ ತಟ್ಟಿದರೆ ಥ್ರಿಪ್ಸ್ ಕಾಣುತ್ತದೆ: ಒಂದು ಮಿಲಿಮೀಟರ್ ಉದ್ದದ, ಹಳದಿ ಗೀರಿನಂಥ ಹುಳು ಹರಿದಾಡುತ್ತದೆ. ಮೈಟ್ ನೋಡಲು ಭೂತಗನ್ನಡಿಯೇ ಬೇಕು. ಎಲೆಗಳೆಲ್ಲ ಹಳದಿಯಾಗಿ ಚಿಕ್ಕದಾಗಿ, ಗಿಡವೇ ಗಿಡ್ಡಾಗಿದ್ದರೆ ಅದು ಬಿಳಿನೊಣ ಹರಡುವ ನಂಜುರೋಗ. ಅದಕ್ಕೆ ಮದ್ದಿಲ್ಲ, ಆ ಗಿಡ ಕಿತ್ತುಬಿಡಿ.

ಬೇವಿನ ಎಣ್ಣೆ ತಪ್ಪಲ್ಲ, ಸಿಂಪಡಿಸಿದ ಹೊತ್ತು ತಪ್ಪು. 5 ಮಿ.ಲೀ. ಎಣ್ಣೆಗೆ 1 ಮಿ.ಲೀ. ದ್ರವ ಸೋಪು ಸೇರಿಸಿ, ಸ್ವಲ್ಪ ಉಗುರುಬೆಚ್ಚಗಿನ ನೀರಿನಲ್ಲಿ ಹಾಲಿನಂತೆ ಬೆಳ್ಳಗಾಗುವವರೆಗೆ ಕಲಕಿ, ಆಮೇಲೆ ಒಂದು ಲೀಟರ್ ಮಾಡಿಕೊಳ್ಳಿ. ಎಣ್ಣೆ ಮೇಲೆ ತೇಲುತ್ತಿದ್ದರೆ ಸಿಂಪಡಿಸಲೇಬೇಡಿ, ಆ ಹನಿ ಕೂತಲ್ಲೇ ಎಲೆ ಸುಡುತ್ತದೆ. ಬಿಸಿಲಿಳಿದ ಮೇಲೆ ಎಲೆಯ ಕೆಳಬದಿಗೆ, ವಾರಕ್ಕೊಮ್ಮೆಯಂತೆ ಮೂರು ಸಲ ಸಿಂಪಡಿಸಿ. ಮೈಟ್ ನುಸಿಗೆ ಗಂಧಕದ ಪುಡಿ ಕೊಡುವುದು ರೂಢಿ. ಆದರೆ 32 ಡಿಗ್ರಿ ದಾಟಿದ ದಿನ, ಇಲ್ಲವೇ ಎಣ್ಣೆ ಸಿಂಪಡಿಸಿ 15 ದಿನವಾಗುವ ಮೊದಲು ಅದು ಎಲೆ ಸುಡುತ್ತದೆ. ಈ ಬೇಸಿಗೆಯಲ್ಲಿ ನೀವು ಅದರ ಗೊಡವೆಗೆ ಹೋಗಬೇಡಿ. ಮುದುಡಿದ ತುದಿಗಳನ್ನು ಎರಡು ಇಂಚು ಚಿವುಟಿ, ಚೀಲದಲ್ಲಿ ಕಟ್ಟಿ ದೂರ ಹಾಕಿ.

ಮೂರು ಸಲದ ನೀರು ಬೇರು ಕೊಳೆಸುತ್ತದೆ. ಬೆರಳನ್ನು ಎರಡು ಇಂಚು ಮಣ್ಣಿಗೆ ಊರಿ, ಒಣಗಿದ್ದರಷ್ಟೇ ಬೆಳಗ್ಗೆ ಎಂಟರೊಳಗೆ ಕೆಳಗಿನ ತೂತಿನಿಂದ ಸೋರುವಷ್ಟು ಹಾಕಿ. ಮೇಲೆ ಎರಡು ಇಂಚು ಶೇಂಗಾ ಸಿಪ್ಪೆ ಹರಡಿ, ಕಾಂಡದ ಸುತ್ತ ಒಂದಿಂಚು ಬಿಡಿ. ಮಾಳಿಗೆಯ ಕಾವು ಬುಡದಿಂದಲೇ ಏರುವುದರಿಂದ ಕುಂಡವನ್ನು ಇಟ್ಟಿಗೆ ಮೇಲಿಡಿ. ಹನ್ನೊಂದರಿಂದ ನಾಲ್ಕರವರೆಗೆ 50 ಪರ್ಸೆಂಟ್ ನೆರಳು ಬಲೆ ಸಾಕು.

ಪ್ರಶ್ನೆ: ಟೊಮೆಟೊ ಹೂ ಬಿಡುತ್ತದೆ, ಕಾಯಿ ಕಚ್ಚುವುದಿಲ್ಲ. ಗೊಬ್ಬರ ಕಡಿಮೆಯಾಯಿತೇ?
– ಓದುಗರು, ಧಾರವಾಡ

ಉತ್ತರ: ಇಲ್ಲ. 35 ಡಿಗ್ರಿ ದಾಟಿದರೆ ಪರಾಗ ಕೆಟ್ಟು ಹೂ ಉದುರುತ್ತದೆ. ಯೂರಿಯಾ ಹಾಕಿದರೆ ಸೊಪ್ಪು ಮಾತ್ರ ಬೆಳೆದೀತು. ಮಧ್ಯಾಹ್ನ ನೆರಳು ಕೊಡಿ, ಬೆಳಗ್ಗೆ ಹೂಗೊಂಚಲನ್ನು ಬೆರಳಿನಿಂದ ಮೆಲ್ಲಗೆ ಅಲುಗಿಸಿ. ಮುಂಗಾರು ಹಿಡಿದು ಹವೆ ತಂಪಾದರೆ ಕಾಯಿ ಕಚ್ಚುತ್ತವೆ.