1799ರ ಡಾಲರ್, 1804ರ ಸೆಂಟ್: ತೂಕ, ಅಂಚು, ಅಚ್ಚು ಹೇಳುವುದೇನು?

ನಮಸ್ಕಾರ. ನಿಮ್ಮ ಮಗಳು ಫಿಲಡೆಲ್ಫಿಯಾದ ಹಳೆಯ ಸಾಮಾನುಗಳ ಸಂತೆಯಿಂದ ತಂದುಕೊಟ್ಟ ಎರಡು ನಾಣ್ಯಗಳು, ಅಂದರೆ 1799ರ ಬೆಳ್ಳಿ ಡಾಲರ್ ಮತ್ತು 1804ರ ತಾಮ್ರದ ಸೆಂಟ್, ಅಸಲಿಯೋ ನಕಲಿಯೋ ಎಂದು ಕೇಳಿದ್ದೀರಿ. ಸೆಂಟನ್ನು ಹುಣಸೆಹಣ್ಣಿನಿಂದ ತಿಕ್ಕಿ ಬೆಳಗಬಹುದೇ ಎಂದೂ ಕೇಳಿದ್ದೀರಿ. ಈ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಒಮ್ಮೆ ತಿಕ್ಕಿಬಿಟ್ಟರೆ ಮತ್ತೆ ಸರಿಪಡಿಸುವ ದಾರಿಯಿಲ್ಲ. ದಯವಿಟ್ಟು ಹುಣಸೆಹಣ್ಣು, ನಿಂಬೆರಸ, ಪಾತ್ರೆ ತೊಳೆಯುವ ಪುಡಿ ಯಾವುದನ್ನೂ ಅದಕ್ಕೆ ಮುಟ್ಟಿಸಬೇಡಿ. ಇನ್ನೂರು ವರ್ಷಗಳಲ್ಲಿ ತಾಮ್ರದ ಮೇಲೆ ಕೂತ ಕಂದು ಪದರವೇ ನಾಣ್ಯದ ಚರ್ಮ. ಅದು ಹೋದರೆ ನಾಣ್ಯದ ಬೆಲೆಯೂ ಹೋಗುತ್ತದೆ, ಅಸಲಿಯೇ ಎಂದು ಪರೀಕ್ಷಿಸುವವರಿಗೆ ಬೇಕಾದ ಸಾಕ್ಷ್ಯವೂ ಹೋಗುತ್ತದೆ.

ಡಾಲರಿನ ವಿಷಯದಲ್ಲಿ ಉತ್ತರ ನಿಮ್ಮ ಬರಹದಲ್ಲಿಯೇ ಇದೆ. ತೂಕ 21.4 ಗ್ರಾಂ, ಅಂಚಿನ ಮೇಲೆ ಉದ್ದಕ್ಕೂ ಸಣ್ಣ ನೇರ ಗೆರೆಗಳು, ಅಯಸ್ಕಾಂತ ಹಿಡಿದರೆ ಮೆಲ್ಲಗೆ ಎಳೆದುಕೊಳ್ಳುತ್ತದೆ ಎಂದಿದ್ದೀರಿ. 1792ರ ಏಪ್ರಿಲ್ 2ರ ಟಂಕಸಾಲೆ ಕಾಯಿದೆಯ ಪ್ರಕಾರ ಡಾಲರಿನ ತೂಕ 416 ಗ್ರೇನ್, ಎಂದರೆ 26.96 ಗ್ರಾಂ. ಕೈಯಿಂದ ಕೈಗೆ ಓಡಾಡಿ ಸವೆದ ನಾಣ್ಯ ಅರ್ಧ ಗ್ರಾಂ ಕಡಿಮೆ ತೂಗಬಹುದು, ಆದರೆ ಐದೂವರೆ ಗ್ರಾಂ ಸವೆದ ನಾಣ್ಯದ ಮೇಲೆ ಮುಖವೂ ಉಳಿಯುತ್ತಿರಲಿಲ್ಲ, ಇಸವಿಯೂ ಉಳಿಯುತ್ತಿರಲಿಲ್ಲ. ಬೆಳ್ಳಿಯನ್ನು ಅಯಸ್ಕಾಂತ ಎಳೆಯುವುದಿಲ್ಲ. ಇನ್ನು ಅಂಚು: ಆ ಕಾಲದ ಡಾಲರಿನ ಅಂಚಿನಲ್ಲಿ ನೇರ ಗೆರೆಗಳಿರಲಿಲ್ಲ, ‘ಹಂಡ್ರೆಡ್ ಸೆಂಟ್ಸ್ ಒನ್ ಡಾಲರ್ ಆರ್ ಯೂನಿಟ್’ ಎಂಬ ಒಳಕ್ಕೆ ಒತ್ತಿದ ಅಕ್ಷರಗಳಿದ್ದವು. ಖಾಲಿ ಬಿಲ್ಲೆಯನ್ನು ಎರಡು ಉಕ್ಕಿನ ಪಟ್ಟಿಗಳ ನಡುವೆ ಉರುಳಿಸಿ ಮೊದಲು ಈ ಅಕ್ಷರಗಳನ್ನು ಒತ್ತುತ್ತಿದ್ದರು, ಆಮೇಲೆ ಎರಡು ಮುಖಗಳನ್ನು ಟಂಕಿಸುತ್ತಿದ್ದರು. ಹಾಗಾಗಿ ಅಸಲಿಯಲ್ಲಿ ಅಕ್ಷರಗಳು ಒಂದರ ಮೇಲೊಂದು ಹತ್ತಿರುವುದೂ ಕೆಲವೆಡೆ ಮಂಕಾಗಿರುವುದೂ ಸಹಜ. ಗೆರೆಗಳ ಅಂಚು ಒಂದೇ ಸಾಕು, ನಿಮ್ಮ ಡಾಲರ್ ಪ್ರತಿಕೃತಿ ಎಂದು ನಾನು ಅನುಮಾನವಿಲ್ಲದೆ ಹೇಳುತ್ತೇನೆ.

ಅಮೆರಿಕದಲ್ಲಿ 1973ರ ಕಾಯಿದೆಯೊಂದು ನಾಣ್ಯಗಳ ಪ್ರತಿಕೃತಿಯ ಮೇಲೆ ‘ಕಾಪಿ’ ಎಂದು ಅಳಿಸಲಾಗದಂತೆ ಒತ್ತಿರಬೇಕೆಂದು ವಿಧಿಸಿದೆ. 2014ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಲಾಯಿತು. ಆದರೆ ಆ ಪದ ಕಾಣದಿದ್ದ ಮಾತ್ರಕ್ಕೆ ನಾಣ್ಯ ಅಸಲಿಯಾಗುವುದಿಲ್ಲ. ಕಾಯಿದೆಗೆ ಹಿಂದೆ ಮಾಡಿದ ಪ್ರತಿಕೃತಿಗಳಿವೆ, ಕಾಯಿದೆಯನ್ನು ಲೆಕ್ಕಿಸದೆ ಹೊರದೇಶಗಳಲ್ಲಿ ಮಾಡಿದವು ಇನ್ನೂ ಹೆಚ್ಚಿವೆ, ಅಕ್ಷರಗಳನ್ನು ಅರದಿಂದ ಉಜ್ಜಿ ತೆಗೆದವೂ ಇವೆ.

ತೂಕ ಸರಿಹೊಂದಿದ ನಾಣ್ಯ ಸಿಕ್ಕಾಗ ಮುಂದಿನ ಪರೀಕ್ಷೆಯನ್ನು ಮನೆಯಲ್ಲಿಯೇ ಮಾಡಬಹುದು. ಅಕ್ಕಸಾಲಿಗರ ಬಳಿ ಇರುವಂಥ, 0.01 ಗ್ರಾಂವರೆಗೆ ತೋರಿಸುವ ತೂಕದ ಯಂತ್ರದ ಮೇಲೆ ಒಂದು ಲೋಟ ನೀರಿಟ್ಟು ಅಂಕಿಯನ್ನು ಸೊನ್ನೆ ಮಾಡಿಕೊಳ್ಳಿ. ನಾಣ್ಯವನ್ನು ತೆಳುವಾದ ದಾರದಲ್ಲಿ ಕಟ್ಟಿ, ಪೂರ್ತಿ ಮುಳುಗುವಂತೆ, ಆದರೆ ಲೋಟದ ತಳವನ್ನಾಗಲಿ ಬದಿಯನ್ನಾಗಲಿ ಮುಟ್ಟದಂತೆ ಇಳಿಬಿಡಿ. ನಾಣ್ಯದ ಮೈಗೆ ಗಾಳಿಗುಳ್ಳೆ ಅಂಟಿರಬಾರದು. ಆಗ ಯಂತ್ರ ತೋರಿಸುವ ಅಂಕಿಯಿಂದ ನಾಣ್ಯದ ಒಣ ತೂಕವನ್ನು ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ಆ ಕಾಲದ ಡಾಲರಿಗೆ 10.3ರ ಆಸುಪಾಸು, ತಾಮ್ರದ ಸೆಂಟಿಗೆ 8.9ರ ಆಸುಪಾಸು ಬರಬೇಕು. ಡಾಲರಿಗೆ 8.5 ಬಂದರೆ ಅದು ಬೆಳ್ಳಿಯ ನೀರು ಕೊಟ್ಟ ಹಿತ್ತಾಳೆಯಂಥ ಲೋಹವೇ ಹೊರತು ಬೆಳ್ಳಿಯಲ್ಲ. ಪರೀಕ್ಷೆ ಮುಗಿದ ಮೇಲೆ ಮೆತ್ತನೆಯ ಬಟ್ಟೆಯಿಂದ ನೀರನ್ನು ಒತ್ತಿ ತೆಗೆಯಿರಿ, ಒರೆಸಬೇಡಿ.

ನಿಮ್ಮ ಸೆಂಟಿನ ಕಥೆ ಬೇರೆ, ಮತ್ತು ನನಗೆ ಹೆಚ್ಚು ಆಸಕ್ತಿ ಹುಟ್ಟಿಸಿರುವುದು ಅದೇ. ತೂಕ 10.6 ಗ್ರಾಂ ಎಂದಿದ್ದೀರಿ. 1795ರ ಕೊನೆಯಲ್ಲಿ ಸೆಂಟಿನ ತೂಕವನ್ನು 208 ಗ್ರೇನಿನಿಂದ 168 ಗ್ರೇನಿಗೆ, ಎಂದರೆ 10.89 ಗ್ರಾಂಗೆ ಇಳಿಸಿದ್ದರಿಂದ ಸವೆದ ಸೆಂಟಿಗೆ ಇದು ಸರಿಯಾದ ತೂಕ. ಅಂಚು ನುಣುಪಾಗಿದೆ, ಅದೂ ಸರಿ. ಮೈಯಲ್ಲಿ ಎರಕದ ಗುಳಿಗಳಿಲ್ಲ, ಸಂದುಗಳಲ್ಲಿರುವ ಕಿಲುಬು ಹಳೆಯದು. ಆದರೂ 1804 ಎಂಬ ಇಸವಿಯನ್ನು ನಾನು ನಂಬಲಾರೆ. ಆ ವರ್ಷದ ಅಸಲಿ ಸೆಂಟುಗಳೆಲ್ಲವೂ ಒಂದೇ ಜೋಡಿ ಅಚ್ಚಿನಿಂದ ಬಂದವು. ಅಚ್ಚುಗಳನ್ನು ಕೈಯಿಂದ ಪೂರ್ಣಗೊಳಿಸುತ್ತಿದ್ದ ಕಾಲವಾದ್ದರಿಂದ ಒಂದು ಅಚ್ಚಿನ ಅಕ್ಷರಗಳ ಜಾಗ ಇನ್ನೊಂದರಲ್ಲಿ ಹಾಗೆಯೇ ಇರುವುದಿಲ್ಲ. 1804ರ ಅಸಲಿಯಲ್ಲಿ ಇಸವಿಯ ಸೊನ್ನೆ, ಹಿಂಬದಿಯ ‘ಆಫ್’ ಪದದ ಮೊದಲಕ್ಷರದ ನೇರಕ್ಕೆ ಬೀಳುತ್ತದೆ. ಅಚ್ಚು ಬಿರುಕು ಬಿಟ್ಟ ಮೇಲೆ ಟಂಕಿಸಿದವುಗಳಲ್ಲಿ ಮುಂಬದಿಯ ‘ಲಿಬರ್ಟಿ’ ಪದದ ಕೊನೆಯ ಅಕ್ಷರಗಳ ಮೇಲೂ ಹಿಂಬದಿಯ ‘ಅಮೆರಿಕಾ’ ಪದದ ಮೇಲೂ ಅಂಚಿಗೆ ಅಂಟಿದ ಲೋಹದ ಉಬ್ಬು ಕಾಣುತ್ತದೆ. ನೀವು ಹಾಕಿರುವ ಚಿತ್ರದಲ್ಲಿ ಈ ಉಬ್ಬುಗಳಿಲ್ಲ, ಸೊನ್ನೆಯೂ ಆ ನೇರಕ್ಕಿಲ್ಲ, ಮೇಲಾಗಿ ಕೊನೆಯ 4ರ ಸುತ್ತ ಮಾತ್ರ ನಾಣ್ಯದ ಮೈ ತುಸು ತಗ್ಗಾಗಿದೆ. 1803ರ ಸೆಂಟಿನ ಕೊನೆಯ ಅಂಕಿಯನ್ನು ಕೆತ್ತಿ 4 ಮಾಡುವುದು ಬಹಳ ಹಳೆಯ ಚಾಳಿ. 1798ರ 8ನ್ನು 9 ಮಾಡಿ ದುರ್ಲಭವಾದ 1799ರ ಸೆಂಟ್ ಎಂದು ಮಾರಿದ್ದೂ ಹೀಗೆಯೇ. ಹಾಗಾಗಿ ನಿಮ್ಮ ಕೈಯಲ್ಲಿರುವುದು ಬಹುಶಃ ಅಸಲಿ ನಾಣ್ಯ, ಆದರೆ ಸುಳ್ಳು ಇಸವಿಯದು.

ಇದೇ ಇಸವಿಯ ಇನ್ನೊಂದು ಬಗೆಯೂ ಇದೆ. ಟಂಕಸಾಲೆ ಎಸೆದಿದ್ದ ಹಳೆಯ ಅಚ್ಚುಗಳನ್ನು ತಿದ್ದಿ 1860ರ ಸುಮಾರಿಗೆ ಖಾಸಗಿಯವರು ಟಂಕಿಸಿದ 1804ರ ಸೆಂಟುಗಳಿವು. ಹಿಂಬದಿಗೆ 1820ರ ಕಾಲದ ಅಚ್ಚು ಬಳಸಿದ್ದರಿಂದ ಅಸಲಿಯಲ್ಲಿ ಕೆಳಗಿರುವ 1/100 ಎಂಬ ಭಿನ್ನರಾಶಿ ಇವುಗಳಲ್ಲಿ ಇರುವುದಿಲ್ಲ. ನಿಮ್ಮದರಲ್ಲಿ ಅದು ಸ್ಪಷ್ಟವಾಗಿದೆ.

ತೂಕ, ಅಂಚು, ಲೋಹ, ಅಚ್ಚು ಎಲ್ಲವೂ ಹೊಂದಿದರೂ ಮೋಸ ಹೋಗುವ ಸಂದರ್ಭವಿದೆ. ಕೆಲವು ವರ್ಷಗಳ ಹಿಂದೆ ನಾನು ಅಂತರ್ಜಾಲದಲ್ಲಿ ಒಬ್ಬ ಮಾರಾಟಗಾರರಿಂದ 1798ರ ಸೆಂಟ್ ಕೊಂಡೆ. ಎಲ್ಲ ಪರೀಕ್ಷೆಗಳಲ್ಲೂ ಗೆದ್ದಿತು. ಮುಂಬದಿಯಲ್ಲಿರುವ ಲಿಬರ್ಟಿ ಎಂಬ ಹೆಣ್ಣುಮುಖದ ಕೆನ್ನೆಯಿಂದ ಕುತ್ತಿಗೆಗೆ ಇಳಿಯುವ ಒಂದು ಗೀರು, ಅದರ ಪಕ್ಕ ಎರಡು ಚುಕ್ಕೆಯಂಥ ತಗ್ಗುಗಳು ನನಗೆ ಕಣ್ಣಿಗೆ ಕಟ್ಟಿದಂತಿದ್ದವು. ಮುಂದಿನ ವರ್ಷ ಬೇರೊಬ್ಬರು ಮಾರಾಟಕ್ಕಿಟ್ಟ ನಾಣ್ಯದಲ್ಲಿ ಅದೇ ಗೀರು, ಅದೇ ಎರಡು ತಗ್ಗುಗಳು ಅದೇ ಜಾಗದಲ್ಲಿ ಕಂಡಾಗ ಎದೆ ಧಸಕ್ಕೆಂದಿತು. ಒಂದು ಅಸಲಿ ನಾಣ್ಯದಿಂದ ಅಚ್ಚು ತೆಗೆದರೆ ಆ ನಾಣ್ಯದ ಗೀರುಗಳೂ ಅಚ್ಚಿಗೆ ಇಳಿದು, ಅದರಿಂದ ಹೊರಬರುವ ಪ್ರತಿಯೊಂದು ಖೋಟಾ ನಾಣ್ಯದ ಮೇಲೂ ಮೂಡುತ್ತವೆ. ಒಂದೇ ಅಚ್ಚಿನ ಎರಡು ಅಸಲಿ ನಾಣ್ಯಗಳಲ್ಲಿ ಅಚ್ಚಿನ ಬಿರುಕು ಒಂದೇ ಥರ ಇರಬಹುದು, ಅದು ಉಬ್ಬಿದ ಗೆರೆಯಾಗಿ ಕಾಣುತ್ತದೆ. ಆದರೆ ಎರಡು ನಾಣ್ಯಗಳು ಎರಡು ಜೇಬುಗಳಲ್ಲಿ ಒಂದೇ ಗೀರನ್ನು ಪಡೆಯಲಾರವು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಿದರೆ ನಿಜವಾದ ಗೀರಿನ ಅಂಚು ಚೂಪಾಗಿರುತ್ತದೆ. ಅಚ್ಚಿನಿಂದ ಬಂದ ಗೀರು ಮಾತ್ರ ಮೊಂಡಾಗಿ, ಅದರ ತಳ ಸುತ್ತಲಿನ ಮೈಯಷ್ಟೇ ಮಿನುಗುತ್ತಿರುತ್ತದೆ. ಆದ್ದರಿಂದ ದೊಡ್ಡ ಮೊತ್ತ ಕೊಡುವ ಮೊದಲು ಅದೇ ಇಸವಿಯ ಹತ್ತಾರು ನಾಣ್ಯಗಳ ಚಿತ್ರಗಳೊಡನೆ ಹೋಲಿಸಿ ನೋಡಿ.

ನಾಣ್ಯಗಳನ್ನು ಪರೀಕ್ಷಿಸಿ ದೃಢೀಕರಿಸುವ ಪಿಸಿಜಿಎಸ್, ಎನ್‌ಜಿಸಿ ಸಂಸ್ಥೆಗಳ ಮೊಹರಾದ ಪೆಟ್ಟಿಗೆಯಲ್ಲಿ ನಾಣ್ಯವಿದ್ದರೂ ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ಅವರ ಜಾಲತಾಣದಲ್ಲಿ ಹಾಕಿ, ಅಲ್ಲಿ ಚಿತ್ರವಿದ್ದರೆ ಅದನ್ನೂ ಕೈಯಲ್ಲಿರುವ ನಾಣ್ಯಕ್ಕೆ ತಾಳೆ ಹಾಕಿ, ಏಕೆಂದರೆ ಪೆಟ್ಟಿಗೆಗಳನ್ನೂ ನಕಲು ಮಾಡುತ್ತಾರೆ.

ನಕಲಿಯೆಲ್ಲವೂ ಬಿಸಾಡುವಂಥದ್ದೇ ಎಂದು ಭಾವಿಸಬೇಡಿ. 1780ರ ದಶಕದಲ್ಲಿ ನ್ಯೂಯಾರ್ಕಿನ ನ್ಯೂಬರ್ಗ್ ಬಳಿಯ ಮ್ಯಾಚಿನ್ಸ್ ಮಿಲ್ಸ್ ಎಂಬ ಖಾಸಗಿ ಟಂಕಸಾಲೆಯಲ್ಲಿ ಮಾಡಿದ ಬ್ರಿಟಿಷ್ ಅರ್ಧ ಪೆನ್ನಿಯ ಖೋಟಾಗಳನ್ನು ಇಂದು ಸಂಗ್ರಾಹಕರು ಅಸಲಿಗಿಂತ ಆಸೆಯಿಂದ ಕೊಳ್ಳುತ್ತಾರೆ.

ಈಗ ನಿಮ್ಮಿಂದ ನನಗೆ ಬೇಕಾದುದು ಎರಡು ಚಿತ್ರಗಳು. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ನಾಣ್ಯದ ಮಟ್ಟಕ್ಕೆ ಅಡ್ಡಲಾಗಿ ಹಿಡಿದು ಸೆಂಟಿನ ಇಸವಿಯನ್ನು ಹತ್ತಿರದಿಂದ ತೆಗೆಯಿರಿ, ಆಮೇಲೆ ಟಾರ್ಚನ್ನು ಎದುರು ಬದಿಗೆ ತಂದು ಇನ್ನೊಂದು ತೆಗೆಯಿರಿ. 4ರ ಸುತ್ತ ಕೆತ್ತಿದ ಗುರುತಿದ್ದರೆ ಎರಡರಲ್ಲಿ ಒಂದರಲ್ಲಾದರೂ ಅದರ ನೆರಳು ಬೀಳುತ್ತದೆ. ಅಲ್ಲಿಯವರೆಗೆ ಸೆಂಟನ್ನು ಒಣ ಕಾಗದದ ಲಕೋಟೆಯಲ್ಲಿ, ಡಾಲರಿನಿಂದ ಬೇರೆಯಾಗಿ ಇಡಿ.